ಸೆರೆಮನೆಯಲ್ಲಿ ಎಚ್‌ಐವಿ: ರೋಗಕ್ಕಿಂತ ಭಯವೇ ಭಾರ

ಆರೋಗ್ಯದ ಮಾತು ಬಂದಾಗ ನಾವು ಸಾಮಾನ್ಯವಾಗಿ ಮನೆ, ಶಾಲೆ, ಹೊಲ, ಕಾರ್ಖಾನೆಗಳನ್ನು ನೆನೆಯುತ್ತೇವೆ. ಸೆರೆಮನೆಯನ್ನು ನೆನೆಯುವವರು ವಿರಳ. ಅದು ತಪ್ಪು ಮಾಡಿದವರ ತಾಣ, ಅಲ್ಲಿಯವರ ಕಾಯಿಲೆ ಕಸಾಲೆಗಳಿಗೂ ನಮಗೂ ಏನು ಸಂಬಂಧ ಎಂಬ ಭಾವನೆ ಸಜ್ಜನರಲ್ಲಿಯೂ ಉಂಟು. ಆದರೆ ಸೆರೆಮನೆಯ ಗೋಡೆ ಮನುಷ್ಯರನ್ನು ತಡೆಯಬಲ್ಲುದೇ ಹೊರತು ರೋಗವನ್ನು ತಡೆಯಲಾರದು. ಒಳಗೆ ಹೋದವರಲ್ಲಿ ಬಹುಪಾಲು ಜನ ಒಂದಲ್ಲ ಒಂದು ದಿನ ಊರಿಗೆ ಮರಳುತ್ತಾರೆ. ಅಲ್ಲಿ ಕಾಯಕ ಮಾಡುವ ಸಿಬ್ಬಂದಿಯಂತೂ ಕರ್ತವ್ಯ ಮುಗಿದೊಡನೆ ತಮ್ಮ ಮನೆಮಕ್ಕಳ ಬಳಿಗೆ ಹೋಗುವವರು. ಆದುದರಿಂದ ಸೆರೆಮನೆಯ ಆರೋಗ್ಯವು ಊರಿನ ಆರೋಗ್ಯದ ಒಂದು ಭಾಗವೇ ಆಗಿದೆ.

ಎಚ್‌ಐವಿ ಸೋಂಕಿನ ವಿಷಯದಲ್ಲಿ ಈ ಮಾತು ಇನ್ನೂ ಹೆಚ್ಚು ಸತ್ಯ. ಈ ಸೋಂಕಿಗೆ ಇಂದು ಉತ್ತಮ ಔಷಧಿಗಳಿವೆ, ಅವು ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಇಷ್ಟಿದ್ದರೂ ಸೆರೆಮನೆಗಳಲ್ಲಿ ಈ ರೋಗ ಜನರನ್ನು ಕಾಡುತ್ತಿರುವುದಕ್ಕೆ ದೊಡ್ಡ ಕಾರಣ ಔಷಧಿಯ ಅಭಾವಕ್ಕಿಂತಲೂ ಬಂದಿಗಳು ಮತ್ತು ಸಿಬ್ಬಂದಿ ಈ ಸೋಂಕನ್ನು ನೋಡುವ ಬಗೆ. ಅವರ ಭಯ, ಸಂಕೋಚ, ತಿರಸ್ಕಾರಗಳನ್ನು ಅರಿತುಕೊಂಡರೆ ನಮ್ಮ ಮನಸ್ಸಿನಲ್ಲಿರುವ ಭಯ ತಿರಸ್ಕಾರಗಳ ಅರಿವೂ ನಮಗೆ ಆಗುತ್ತದೆ.

ಅಂಕಿ ಅಂಶಗಳು ಹೇಳುವುದೇನು?

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸಿದ ವರದಿಯಂತೆ 2022ರ ಕೊನೆಯಲ್ಲಿ ನಮ್ಮ ದೇಶದ ಕಾರಾಗೃಹಗಳಲ್ಲಿ 5.73 ಲಕ್ಷ ಬಂದಿಗಳಿದ್ದರು. ಆ ಕಾರಾಗೃಹಗಳಲ್ಲಿ ಇರಬಹುದಾದವರ ಸಂಖ್ಯೆ 4.36 ಲಕ್ಷ ಮಾತ್ರ. ಅಂದರೆ ನೂರು ಮಂದಿ ಮಲಗಬೇಕಾದ ಸ್ಥಳದಲ್ಲಿ ನೂರಮೂವತ್ತಕ್ಕೂ ಹೆಚ್ಚು ಮಂದಿ ಮಲಗುತ್ತಿದ್ದರು. ಇನ್ನೊಂದು ಅಂಶವನ್ನು ನಾವು ಗಮನಿಸಬೇಕು. ಆ ಬಂದಿಗಳಲ್ಲಿ ಪ್ರತಿ ನೂರರಲ್ಲಿ ಸುಮಾರು 76 ಮಂದಿ ವಿಚಾರಣಾಧೀನರಾಗಿದ್ದರು. ಅವರ ಮೇಲೆ ಆರೋಪವಿದೆ, ಅಪರಾಧ ಇನ್ನೂ ಸಾಬೀತಾಗಿಲ್ಲ. ಜಾಮೀನು ದೊರೆತೋ, ಖುಲಾಸೆಯಾಗಿಯೋ ಅವರಲ್ಲಿ ಬಹಳ ಮಂದಿ ಕೆಲವೇ ವಾರ ಅಥವಾ ತಿಂಗಳುಗಳಲ್ಲಿ ಹೊರಬರುತ್ತಾರೆ. ಸೆರೆಮನೆಯೆಂದರೆ ಅಪರಾಧಿಗಳ ಲೋಕ ಎಂಬ ನಮ್ಮ ಕಲ್ಪನೆ ಈ ಒಂದು ಅಂಕಿಯ ಮುಂದೆಯೇ ನಿಲ್ಲುವುದಿಲ್ಲ.

ಎಚ್‌ಐವಿ ಸೋಂಕು ನಮ್ಮ ದೇಶದ ವಯಸ್ಕರಲ್ಲಿ ಶೇಕಡಾ 0.2ರ ಆಸುಪಾಸಿನಲ್ಲಿದೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಸಮೀಕ್ಷೆಗಳು ಬಂದಿಗಳಲ್ಲಿ ಅದು ಶೇಕಡಾ 2ರ ಸಮೀಪದಲ್ಲಿದೆ ಎಂದು ತೋರಿಸಿವೆ. ಸುಮಾರು ಹತ್ತು ಪಟ್ಟು ಹೆಚ್ಚು. ಇದನ್ನು ಕಂಡು, ಬಂದಿಗಳೆಲ್ಲ ಸೋಂಕಿತರೆಂದು ತಿಳಿಯುವುದು ತಪ್ಪು. ನೂರರಲ್ಲಿ ತೊಂಬತ್ತೆಂಟು ಮಂದಿಗೆ ಈ ಸೋಂಕು ಇಲ್ಲ. ಸೋಂಕು ಇರುವವರಲ್ಲಿಯೂ ಅನೇಕರು ಅದನ್ನು ಹೊರಗಿನಿಂದಲೇ ತಂದಿರುತ್ತಾರೆ. ಬಡತನ, ದೂರದ ಊರುಗಳಿಗೆ ಗುಳೆ ಹೋಗುವ ಬದುಕು, ಮಾದಕ ದ್ರವ್ಯಗಳನ್ನು ಚುಚ್ಚಿಕೊಳ್ಳುವ ಚಟ, ಶಿಕ್ಷಣದ ಕೊರತೆ ಇವೇ ಮನುಷ್ಯನನ್ನು ಸೋಂಕಿನ ಕಡೆಗೂ ಸೆರೆಮನೆಯ ಕಡೆಗೂ ನೂಕುವ ಸಂಗತಿಗಳು. ಪಂಜಾಬಿನಲ್ಲಿ ಮತ್ತು ಈಶಾನ್ಯ ರಾಜ್ಯಗಳಲ್ಲಿ ಹಂಚಿಕೊಂಡ ಸೂಜಿಗಳು ಮುಖ್ಯ ಕಾರಣವಾಗಿದ್ದರೆ, ನಮ್ಮ ಕರ್ನಾಟಕದಲ್ಲಿ ಅಸುರಕ್ಷಿತ ಲೈಂಗಿಕ ಸಂಪರ್ಕವೇ ಸೋಂಕು ಹರಡುವ ಮುಖ್ಯ ದಾರಿಯಾಗಿದೆ. ಒಂದು ಕಾಲದಲ್ಲಿ ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಹಳ್ಳಿಗಳು ಈ ರೋಗದಿಂದ ಎಷ್ಟು ನೊಂದವೆಂಬುದನ್ನು ಆ ಭಾಗದ ಹಿರಿಯರು ಬಲ್ಲರು. ಸೆರೆಮನೆಯೊಳಗೂ ಅಪಾಯಗಳಿಲ್ಲದೆ ಇಲ್ಲ. ಕದ್ದುಮುಚ್ಚಿ ನಡೆಯುವ ಸೂಜಿಯ ಬಳಕೆ, ಒಂದೇ ಸೂಜಿಯಿಂದ ಹಲವರು ಹಾಕಿಸಿಕೊಳ್ಳುವ ಹಚ್ಚೆ, ಪುರುಷರ ನಡುವಿನ ಲೈಂಗಿಕ ಸಂಪರ್ಕ, ಕೆಲವೊಮ್ಮೆ ಬಲಾತ್ಕಾರ ಇವುಗಳನ್ನು ಇಲ್ಲವೆಂದು ಹೇಳಿದ ಮಾತ್ರಕ್ಕೆ ಅವು ಇಲ್ಲವಾಗುವುದಿಲ್ಲ.

ಸೋಂಕು ಹರಡುವ ಬಗೆ

ಭಯದ ಮೂಲ ಅಜ್ಞಾನದಲ್ಲಿರುವುದರಿಂದ ಮೊದಲು ಈ ಸೋಂಕಿನ ಸ್ವರೂಪವನ್ನು ಸ್ಪಷ್ಟವಾಗಿ ತಿಳಿಯೋಣ. ಎಚ್‌ಐವಿ ಎಂಬುದು ದೇಹದ ರೋಗನಿರೋಧಕ ಶಕ್ತಿಯನ್ನು ಕುಂದಿಸುವ ವೈರಾಣು. ಚಿಕಿತ್ಸೆ ಪಡೆಯದೆ ಹಲವು ವರ್ಷ ಕಳೆದಾಗ ಆ ಶಕ್ತಿ ತೀರ ಕ್ಷೀಣಿಸಿ, ಕ್ಷಯದಂತಹ ಅನ್ಯ ರೋಗಗಳು ದೇಹವನ್ನು ಆಕ್ರಮಿಸುತ್ತವೆ. ಆ ಹಂತಕ್ಕೆ ಏಡ್ಸ್ ಎಂದು ಹೆಸರು. ಎಚ್‌ಐವಿ ಇರುವವರೆಲ್ಲರೂ ಏಡ್ಸ್ ರೋಗಿಗಳಲ್ಲ.

ಸೋಂಕು ಹರಡುವುದು ನಾಲ್ಕು ದಾರಿಗಳಿಂದ: ಅಸುರಕ್ಷಿತ ಲೈಂಗಿಕ ಸಂಪರ್ಕ, ಸೋಂಕಿತ ರಕ್ತವನ್ನು ಪಡೆಯುವುದು, ಒಂದೇ ಸೂಜಿಯನ್ನು ಹಲವರು ಬಳಸುವುದು, ಮತ್ತು ಸೋಂಕಿತ ತಾಯಿಯಿಂದ ಬಸಿರಿನಲ್ಲಿ, ಹೆರಿಗೆಯಲ್ಲಿ ಅಥವಾ ಎದೆಹಾಲಿನ ಮೂಲಕ ಮಗುವಿಗೆ. ಇವುಗಳ ಹೊರತು, ಜೊತೆಯಲ್ಲಿ ಕುಳಿತು ಉಣ್ಣುವುದರಿಂದ, ಒಂದೇ ಲೋಟದಲ್ಲಿ ನೀರು ಕುಡಿಯುವುದರಿಂದ, ಒಂದೇ ಶೌಚಾಲಯವನ್ನು ಬಳಸುವುದರಿಂದ, ಪಕ್ಕದಲ್ಲಿ ಮಲಗುವುದರಿಂದ, ಕೈ ಹಿಡಿಯುವುದರಿಂದ, ಕೆಮ್ಮು ಸೀನುಗಳಿಂದ, ಸೊಳ್ಳೆಯ ಕಡಿತದಿಂದ ಈ ಸೋಂಕು ಹರಡುವುದಿಲ್ಲ. ಬೆವರು, ಕಣ್ಣೀರು, ಎಂಜಲುಗಳಿಂದಲೂ ಹರಡುವುದಿಲ್ಲ. ಮಾಸದ ಗಾಯವಿಲ್ಲದ ಚರ್ಮದ ಮೇಲೆ ರಕ್ತ ಬಿದ್ದರೂ ತೊಳೆದುಕೊಂಡರೆ ಸಾಕು.

ಚಿಕಿತ್ಸೆಯ ವಿಷಯದಲ್ಲಿ ಕಳೆದ ಎರಡು ದಶಕಗಳಲ್ಲಿ ಆಗಿರುವ ಬದಲಾವಣೆ ಅಪಾರ. ನಮ್ಮ ದೇಶದಲ್ಲಿ 2004ರ ಏಪ್ರಿಲ್ ತಿಂಗಳಿನಿಂದ ಎಆರ್‌ಟಿ ಔಷಧಿಗಳನ್ನು ಸರಕಾರ ಉಚಿತವಾಗಿ ನೀಡುತ್ತಿದೆ. 2017ರಿಂದ, ಸೋಂಕು ಪತ್ತೆಯಾದ ಪ್ರತಿಯೊಬ್ಬರಿಗೂ ತಡಮಾಡದೆ ಚಿಕಿತ್ಸೆ ಆರಂಭಿಸುವ ನೀತಿ ಜಾರಿಯಲ್ಲಿದೆ. ಮಾತ್ರೆಯನ್ನು ದಿನವೂ ತಪ್ಪದೆ ಸೇವಿಸಿದರೆ ರಕ್ತದಲ್ಲಿ ವೈರಾಣುವಿನ ಪ್ರಮಾಣ ಪರೀಕ್ಷೆಗೂ ಸಿಗದಷ್ಟು ಇಳಿಯುತ್ತದೆ. ಅಂತಹ ವ್ಯಕ್ತಿ ಎಲ್ಲರಂತೆ ದೀರ್ಘಕಾಲ ಬಾಳಬಲ್ಲನು. ಅವನಿಂದ ಲೈಂಗಿಕ ಸಂಪರ್ಕದ ಮೂಲಕ ಇನ್ನೊಬ್ಬರಿಗೆ ಸೋಂಕು ತಗುಲುವುದಿಲ್ಲವೆಂದು ದಂಪತಿಗಳನ್ನು ಕುರಿತು ನಡೆದ ದೊಡ್ಡ ಅಧ್ಯಯನಗಳು ಖಚಿತಪಡಿಸಿವೆ. ಹೀಗೆ ಒಬ್ಬನು ಕ್ರಮವಾಗಿ ನುಂಗುವ ಮಾತ್ರೆ ಅವನನ್ನೂ ಕಾಯುತ್ತದೆ, ಅವನ ಸುತ್ತಲಿನವರನ್ನೂ ಕಾಯುತ್ತದೆ.

ಬಂದಿಗಳ ಮನೋಭಾವ

ಇಷ್ಟೆಲ್ಲ ಅನುಕೂಲವಿದ್ದರೂ ಸೆರೆಮನೆಯಲ್ಲಿ ಮಾತ್ರೆ ನುಂಗುವುದು ಸುಲಭವಲ್ಲ. ಐವತ್ತು ಅರುವತ್ತು ಮಂದಿ ಒಟ್ಟಿಗೆ ಇರುವ ಒಂದು ಬ್ಯಾರಕ್ಕನ್ನು ಕಲ್ಪಿಸಿಕೊಳ್ಳೋಣ. ಅಲ್ಲಿ ಏಕಾಂತವೆಂಬುದಿಲ್ಲ. ಒಬ್ಬನು ಪ್ರತಿದಿನ ರಾತ್ರಿ ಅದೇ ಸಮಯಕ್ಕೆ ಅದೇ ಡಬ್ಬಿಯಿಂದ ಮಾತ್ರೆ ತೆಗೆಯುವುದನ್ನು ಹತ್ತು ಕಣ್ಣುಗಳು ನೋಡುತ್ತವೆ. ತಿಂಗಳಿಗೊಮ್ಮೆ ಅವನನ್ನು ಬೆಂಗಾವಲಿನಲ್ಲಿ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯುವುದನ್ನೂ ನೋಡುತ್ತವೆ. ಎರಡನ್ನೂ ಕೂಡಿಸಿ ಲೆಕ್ಕ ಹಾಕಲು ಹೆಚ್ಚು ದಿನ ಬೇಕಾಗುವುದಿಲ್ಲ. ಆ ಬಳಿಕ ಅವನ ಹಾಸಿಗೆಯ ಪಕ್ಕ ಮಲಗಲು ಯಾರೂ ಒಪ್ಪುವುದಿಲ್ಲ. ಅವನ ತಟ್ಟೆ ಬೇರೆಯಾಗುತ್ತದೆ. ಅಡುಗೆ ಮನೆಯ ಕೆಲಸದಿಂದ ಅವನನ್ನು ದೂರವಿಡಬೇಕೆಂಬ ಕೂಗು ಏಳುತ್ತದೆ. ಪಂಕ್ತಿಭೇದವು ಮಹಾಪಾಪವೆಂದು ತಲೆತಲಾಂತರದಿಂದ ಕೇಳುತ್ತ ಬಂದ ನಾಡಿನಲ್ಲಿ, ಒಂದು ವೈರಾಣುವಿನ ಹೆಸರಿನಲ್ಲಿ ಪಂಕ್ತಿ ಮತ್ತೆ ಒಡೆಯುತ್ತದೆ.

ಇದನ್ನು ಬಲ್ಲ ಬಂದಿ ಏನು ಮಾಡುತ್ತಾನೆ? ಹೊರಗೆ ಚಿಕಿತ್ಸೆ ಪಡೆಯುತ್ತಿದ್ದವನು ಸೆರೆಮನೆಗೆ ಬಂದಾಗ ಆ ಸಂಗತಿಯನ್ನೇ ಮರೆಮಾಚುತ್ತಾನೆ. ಮಾತ್ರೆ ನಿಂತುಹೋಗುತ್ತದೆ. ಸಂಶಯವಿದ್ದವನು ಪರೀಕ್ಷೆಗೆ ಮುಂದೆ ಬರುವುದಿಲ್ಲ. ಇನ್ನು ಕೆಲವರಲ್ಲಿ ನಿರಾಶೆಯೇ ಮೇಲುಗೈ ಪಡೆಯುತ್ತದೆ. ಹೇಗೂ ಬಾಳು ಹಾಳಾಯಿತು, ಇನ್ನು ರೋಗದಿಂದ ಸತ್ತರೇನು ಎಂಬ ಭಾವನೆ. ಮತ್ತೆ ಕೆಲವರು ಇದು ಕೆಟ್ಟ ನಡತೆಯವರ ರೋಗ, ನನಗೆ ಬರುವುದಿಲ್ಲವೆಂದು ನಂಬಿ ಎಚ್ಚರ ತಪ್ಪುತ್ತಾರೆ. ಮೂರೂ ಬಗೆಯವರ ಪರಿಣಾಮ ಒಂದೇ. ಚಿಕಿತ್ಸೆಯಿಂದ ಹತೋಟಿಯಲ್ಲಿರಬೇಕಾದ ವೈರಾಣು ದೇಹದಲ್ಲಿ ಹೆಚ್ಚುತ್ತದೆ. ಔಷಧಿಯನ್ನು ಬಿಟ್ಟು ಬಿಟ್ಟು ಸೇವಿಸಿದಾಗ ವೈರಾಣು ಅದಕ್ಕೆ ಬಗ್ಗದಂತಾಗುವ ಅಪಾಯವೂ ಉಂಟು.

ಇದರೊಡನೆ ಕ್ಷಯರೋಗ ಸೇರಿದರೆ ಕಷ್ಟ ಇಮ್ಮಡಿಯಾಗುತ್ತದೆ. ಎಚ್‌ಐವಿ ಗಾಳಿಯಲ್ಲಿ ಹರಡದು. ಕ್ಷಯ ಗಾಳಿಯಲ್ಲಿ ಹರಡುತ್ತದೆ. ಜನ ಕಿಕ್ಕಿರಿದು, ಗಾಳಿ ಬೆಳಕು ಕಡಿಮೆ ಇರುವ ಬ್ಯಾರಕ್ಕು ಕ್ಷಯಕ್ಕೆ ಹೇಳಿ ಮಾಡಿಸಿದ ಸ್ಥಳ. ಜಗತ್ತಿನಾದ್ಯಂತ ಎಚ್‌ಐವಿ ಸೋಂಕಿತರ ಸಾವಿಗೆ ಮುಖ್ಯ ಕಾರಣ ಕ್ಷಯವೇ. ತಟ್ಟೆಯನ್ನು ಬೇರೆ ಮಾಡಿ ತಾವು ಸುರಕ್ಷಿತರಾದೆವೆಂದು ತಿಳಿದ ಸಹಬಂದಿಗಳು, ಭಯದಿಂದ ಬಾಯಿ ಮುಚ್ಚಿಕೊಂಡವನ ಕೆಮ್ಮಿನಿಂದಲೇ ಕ್ಷಯಕ್ಕೆ ತುತ್ತಾಗಬಹುದು. ತಿರಸ್ಕಾರವು ತಿರಸ್ಕರಿಸಿದವರನ್ನೂ ಕಾಡುವುದು ಹೀಗೆ.

ಮಹಿಳಾ ಬಂದಿಗಳ ಪಾಡು ಇನ್ನೂ ಸೂಕ್ಷ್ಮ. ಅವರಲ್ಲಿ ಅನೇಕರು ಗಂಡನಿಂದಲೇ ಸೋಂಕು ಪಡೆದವರು. ಬಂಧನದ ಕಳಂಕದ ಮೇಲೆ ಸೋಂಕಿನ ಕಳಂಕವೂ ಸೇರಿ ತವರಿನವರೂ ಕೈಬಿಟ್ಟ ಪ್ರಸಂಗಗಳುಂಟು. ನಮ್ಮ ದೇಶದಲ್ಲಿ ಆರು ವರ್ಷದವರೆಗಿನ ಮಕ್ಕಳು ತಾಯಿಯೊಂದಿಗೆ ಕಾರಾಗೃಹದಲ್ಲಿ ಇರಬಹುದು. ಗರ್ಭಿಣಿಯಾದ ಬಂದಿಗೆ ಸಕಾಲದಲ್ಲಿ ಪರೀಕ್ಷೆ ಮತ್ತು ಚಿಕಿತ್ಸೆ ದೊರೆತರೆ ಮಗುವಿಗೆ ಸೋಂಕು ತಗುಲುವ ಸಾಧ್ಯತೆ ನೂರಕ್ಕೆ ಐದಕ್ಕಿಂತ ಕಡಿಮೆ. ಚಿಕಿತ್ಸೆ ಇಲ್ಲದಿದ್ದರೆ ಅದು 15ರಿಂದ 45ರವರೆಗೂ ಏರಬಹುದು. ತಾಯಿಯ ಸಂಕೋಚಕ್ಕೂ ಸಿಬ್ಬಂದಿಯ ಅಲಕ್ಷ್ಯಕ್ಕೂ ಏನೂ ಅರಿಯದ ಕೂಸು ಬೆಲೆ ತೆರುವುದನ್ನು ತಡೆಯುವುದು ನಮ್ಮ ಕೈಯಲ್ಲೇ ಇದೆ.

ಸಿಬ್ಬಂದಿಯ ಅಳುಕು

ಬಂದಿಗಳನ್ನು ಕುರಿತು ಮಾತನಾಡುವಾಗ ಸಿಬ್ಬಂದಿಯನ್ನು ಕಠಿಣ ಹೃದಯಿಗಳೆಂದು ಚಿತ್ರಿಸುವುದು ವಾಡಿಕೆ. ಅದು ನ್ಯಾಯವಲ್ಲ. ಕಾರಾಗೃಹದ ವೀಕ್ಷಕರು ಕಡಿಮೆ ಸಂಖ್ಯೆಯಲ್ಲಿದ್ದುಕೊಂಡು ಹೆಚ್ಚು ಜನರನ್ನು ಕಾಯಬೇಕಾದವರು. ಬಂದಿಗಳ ಮೈ ತಪಾಸಣೆ ಮಾಡುವಾಗ ಅಡಗಿಸಿಟ್ಟ ಬ್ಲೇಡು ಬೆರಳಿಗೆ ತಾಗಬಹುದು. ಜಗಳ ಬಿಡಿಸುವಾಗ ರಕ್ತ ಮೈಮೇಲೆ ಸಿಡಿಯಬಹುದು. ತನ್ನನ್ನು ತಾನೇ ಕೊಯ್ದುಕೊಂಡ ಬಂದಿಯನ್ನು ಎತ್ತಿಕೊಂಡು ಓಡಬೇಕಾಗಬಹುದು. ಮನೆಯಲ್ಲಿ ಚಿಕ್ಕ ಮಕ್ಕಳಿರುವ ವ್ಯಕ್ತಿಗೆ ಈ ಕ್ಷಣಗಳಲ್ಲಿ ಭಯವಾಗುವುದು ಸಹಜ. ಆ ಭಯಕ್ಕೆ ಸರಿಯಾದ ಉತ್ತರ ದೊರೆಯದಿದ್ದಾಗ ಅದು ಬೇರೆ ರೂಪಗಳನ್ನು ತಾಳುತ್ತದೆ. ಸೋಂಕಿತನನ್ನು ಮುಟ್ಟದಿರುವುದು, ಅವನ ಹೆಸರಿನ ಮುಂದೆ ಗುರುತು ಹಾಕುವುದು, ಅವನ ಸ್ಥಿತಿಯನ್ನು ಇತರರಿಗೆ ಪಿಸುಗುಟ್ಟುವುದು, ಬೆಂಗಾವಲಿಗೆ ಜನರಿಲ್ಲವೆಂದು ಆಸ್ಪತ್ರೆಯ ಭೇಟಿಯನ್ನು ಮುಂದೂಡುವುದು ಇವೆಲ್ಲ ಆ ಭಯದ ರೂಪಗಳು. ಮಾಡಿದ್ದನ್ನು ಉಣ್ಣಲಿ ಎಂಬ ತೀರ್ಪಿನ ಮಾತೂ ಅದರೊಡನೆ ಬೆರೆಯುತ್ತದೆ.

ಈ ಭಯಕ್ಕೆ ವೈದ್ಯಶಾಸ್ತ್ರ ನೀಡುವ ಉತ್ತರ ಸ್ಪಷ್ಟವಾಗಿದೆ. ಸೋಂಕಿತ ರಕ್ತವಿರುವ ಸೂಜಿ ಚುಚ್ಚಿದಾಗಲೂ ಎಚ್‌ಐವಿ ತಗುಲುವ ಸಾಧ್ಯತೆ ಸಾವಿರಕ್ಕೆ ಮೂರು ಮಾತ್ರ. ಕಣ್ಣಿಗೋ ಬಾಯಿಗೋ ರಕ್ತ ಸಿಡಿದಾಗ ಸಾವಿರಕ್ಕೆ ಒಂದರಷ್ಟು. ಸೋಂಕಿತನು ಕ್ರಮವಾಗಿ ಮಾತ್ರೆ ಸೇವಿಸುತ್ತಿದ್ದರೆ ಅಪಾಯ ಇನ್ನೂ ಬಹಳ ಕಡಿಮೆ. ಅಂತಹ ಘಟನೆ ನಡೆದಲ್ಲಿ ಗಾಯವನ್ನು ಹಿಸುಕದೆ, ಸೋಪು ಮತ್ತು ಹರಿಯುವ ನೀರಿನಿಂದ ತೊಳೆದು, ಕೂಡಲೇ ವೈದ್ಯರನ್ನು ಕಾಣಬೇಕು. ಸೋಂಕು ನೆಲೆಯೂರದಂತೆ ತಡೆಯುವ ಔಷಧಿಯನ್ನು ಸಾಧ್ಯವಾದರೆ ಎರಡು ಗಂಟೆಗಳೊಳಗೆ, ಹೇಗಿದ್ದರೂ 72 ಗಂಟೆಗಳೊಳಗೆ ಆರಂಭಿಸಿ 28 ದಿನ ಸೇವಿಸಬೇಕು. ಜಿಲ್ಲಾ ಆಸ್ಪತ್ರೆಗಳಲ್ಲಿ ಇದು ಲಭ್ಯವಿದೆ. ರಕ್ತದಿಂದ ಹರಡುವ ಹೆಪಟೈಟಿಸ್-ಬಿ ಸೋಂಕು ಸೂಜಿಯ ಗಾಯದಲ್ಲಿ ಎಚ್‌ಐವಿಗಿಂತ ಹತ್ತಾರು ಪಟ್ಟು ಸುಲಭವಾಗಿ ತಗುಲಬಲ್ಲದು. ಅದಕ್ಕೆ ಲಸಿಕೆಯಿದೆ. ಎಚ್‌ಐವಿಗೆ ಅಂಜುವ ಅನೇಕರು ಆ ಲಸಿಕೆಯನ್ನು ಪಡೆದಿರುವುದಿಲ್ಲ. ಭಯವು ಎಲ್ಲಿ ಇರಬೇಕೋ ಅಲ್ಲಿಲ್ಲದೆ, ಇರಬಾರದ ಕಡೆ ಬೀಡುಬಿಟ್ಟಿರುವುದಕ್ಕೆ ಇದೊಂದು ನಿದರ್ಶನ.

ಯಾರಿಗೆ ಸೋಂಕಿದೆಯೆಂದು ಮೊದಲೇ ತಿಳಿದಿದ್ದರೆ ಎಚ್ಚರವಾಗಿರುತ್ತಿದ್ದೆವು ಎಂಬುದು ಸಿಬ್ಬಂದಿಯ ಸಾಮಾನ್ಯ ವಾದ. ಮೇಲುನೋಟಕ್ಕೆ ಅದು ಸರಿಯೆನಿಸುತ್ತದೆ. ಆದರೆ ಸೋಂಕು ತಗುಲಿದ ಮೊದಲ ಕೆಲವು ವಾರಗಳಲ್ಲಿ ಪರೀಕ್ಷೆಯೂ ಅದನ್ನು ತೋರಿಸದಿರಬಹುದು. ಪಟ್ಟಿಯಲ್ಲಿ ಹೆಸರಿಲ್ಲದವನ ರಕ್ತ ನಿರಪಾಯವೆಂದು ತಿಳಿದು ಬರಿಗೈಯಲ್ಲಿ ಮುಟ್ಟುವುದೇ ನಿಜವಾದ ಅಪಾಯ. ಆದುದರಿಂದ ಯಾರ ರಕ್ತವೇ ಆಗಲಿ ಕೈಗವಸು ಧರಿಸಿಯೇ ಮುಟ್ಟಬೇಕೆಂಬ ಒಂದೇ ನಿಯಮ ಎಲ್ಲರಿಗೂ ಇರಬೇಕು. ಆಗ ಯಾರ ಗುಟ್ಟೂ ಬಯಲಾಗುವುದಿಲ್ಲ, ಸಿಬ್ಬಂದಿಯ ಸುರಕ್ಷತೆಗೂ ಕುಂದಿಲ್ಲ.

ಬೇರ್ಪಡಿಸಿದ ಕಡೆ ಏನಾಯಿತು?

ಸೋಂಕಿತರನ್ನು ಪ್ರತ್ಯೇಕ ಸ್ಥಳದಲ್ಲಿ ಇಟ್ಟುಬಿಟ್ಟರೆ ಸಮಸ್ಯೆ ಮುಗಿಯಿತಲ್ಲ ಎಂದು ಕೇಳುವವರಿದ್ದಾರೆ. ಜಗತ್ತು ಈ ದಾರಿಯನ್ನೂ ನಡೆದು ನೋಡಿದೆ.

ನಮ್ಮ ನೆರೆಯ ಗೋವಾದಲ್ಲಿ 1989ರಲ್ಲಿ ಡೊಮಿನಿಕ್ ಡಿಸೋಜಾ ಎಂಬ ತರುಣರು ರಕ್ತದಾನ ಮಾಡಿದಾಗ ಅವರಿಗೆ ಎಚ್‌ಐವಿ ಇರುವುದು ತಿಳಿಯಿತು. ಪೊಲೀಸರು ಅವರನ್ನು ಕರೆದೊಯ್ದು, ಹಿಂದೆ ಕ್ಷಯರೋಗಿಗಳಿಗಾಗಿ ಇದ್ದ ಕಟ್ಟಡವೊಂದರಲ್ಲಿ ಕೂಡಿಹಾಕಿದರು. ಆಗ ಅಲ್ಲಿದ್ದ ಸಾರ್ವಜನಿಕ ಆರೋಗ್ಯ ಕಾಯ್ದೆ ಅದಕ್ಕೆ ಅವಕಾಶ ಕೊಟ್ಟಿತ್ತು. ಯಾವ ಅಪರಾಧವನ್ನೂ ಮಾಡದ, ಇನ್ನೊಬ್ಬರ ಪ್ರಾಣ ಉಳಿಯಲೆಂದು ರಕ್ತ ಕೊಟ್ಟ ವ್ಯಕ್ತಿ 64 ದಿನ ಬಂಧನದಲ್ಲಿದ್ದರು. ಅವರ ತಾಯಿ ಮತ್ತು ಗೆಳೆಯರು ನ್ಯಾಯಾಲಯದ ಮೆಟ್ಟಿಲೇರಿದರು. ಬಿಡುಗಡೆಯ ಬಳಿಕ ಡೊಮಿನಿಕ್ ಸೋಂಕಿತರ ಹಕ್ಕುಗಳಿಗಾಗಿ ದುಡಿದು 1992ರಲ್ಲಿ ತೀರಿಕೊಂಡರು. ಅವರ ಬಂಧನದಿಂದ ಗೋವಾದಲ್ಲಿ ಒಬ್ಬರಾದರೂ ಸೋಂಕಿನಿಂದ ಪಾರಾದರೆಂದು ಹೇಳುವಂತಿಲ್ಲ. ಪರೀಕ್ಷೆಯೆಂದರೆ ಜನ ಬೆದರುವಂತಾಯಿತೆಂಬುದು ಮಾತ್ರ ನಿಜ.

ಅಮೆರಿಕದ ಅಲಬಾಮಾ ರಾಜ್ಯದ ಸೆರೆಮನೆಗಳಲ್ಲಿ ಸೋಂಕಿತ ಬಂದಿಗಳನ್ನು ದಶಕಗಳ ಕಾಲ ಬೇರೆಯಾಗಿಯೇ ಇರಿಸಲಾಗಿತ್ತು. ಲೈಮ್‌ಸ್ಟೋನ್ ಎಂಬ ಸೆರೆಮನೆಯಲ್ಲಿ ಅವರು ಸದಾ ತೋಳಿಗೆ ಬಿಳಿಯ ಪಟ್ಟಿ ಕಟ್ಟಿಕೊಂಡಿರಬೇಕಿತ್ತು. ಅಡುಗೆ ಮನೆಯ ಕೆಲಸ ಅವರಿಗೆ ನಿಷಿದ್ಧವಾಗಿತ್ತು. ಹೊಸ ಬದುಕಿಗೆ ಸಿದ್ಧಗೊಳಿಸುವ ಹಲವು ಕಾರ್ಯಕ್ರಮಗಳೂ ಅವರ ಪಾಲಿಗೆ ಇರಲಿಲ್ಲ. 2012ರ ಡಿಸೆಂಬರ್‌ನಲ್ಲಿ ಅಲ್ಲಿನ ಫೆಡರಲ್ ನ್ಯಾಯಾಧೀಶರಾದ ಮೈರನ್ ಥಾಂಪ್ಸನ್ ಅವರು ಈ ಪದ್ಧತಿ ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತರು, ಆನಂತರ ಅದು ಕೊನೆಗೊಂಡಿತು. ವಿಶ್ವ ಆರೋಗ್ಯ ಸಂಸ್ಥೆಯಾದರೋ 1993ರಷ್ಟು ಹಿಂದೆಯೇ, ಬಂದಿಗಳಿಗೆ ಕಡ್ಡಾಯವಾಗಿ ಎಚ್‌ಐವಿ ಪರೀಕ್ಷೆ ಮಾಡಿಸುವುದು ಅನೈತಿಕವೂ ನಿಷ್ಫಲವೂ ಆದುದೆಂದು ತನ್ನ ಮಾರ್ಗಸೂಚಿಯಲ್ಲಿ ಹೇಳಿತ್ತು.

ಬಂದಿಯ ಸಂಖ್ಯೆಯೇ ಆಂದೋಲನದ ಹೆಸರಾದಾಗ

ಸೆರೆಮನೆ, ಕ್ಷಯ ಮತ್ತು ಏಡ್ಸ್ ಈ ಮೂರನ್ನೂ ತಮ್ಮ ಬದುಕಿನಲ್ಲಿ ಕಂಡ ಮಹಾಪುರುಷರೊಬ್ಬರು ನೆಲ್ಸನ್ ಮಂಡೇಲಾ. ವರ್ಣಭೇದ ನೀತಿಯನ್ನು ಎದುರಿಸಿದ್ದಕ್ಕಾಗಿ ದಕ್ಷಿಣ ಆಫ್ರಿಕದಲ್ಲಿ 27 ವರ್ಷ ಬಂದಿಯಾಗಿದ್ದ ಅವರಿಗೆ 1988ರಲ್ಲಿ ಸೆರೆಯಲ್ಲಿದ್ದಾಗಲೇ ಕ್ಷಯ ತಗುಲಿತು. ಸಕಾಲದಲ್ಲಿ ಚಿಕಿತ್ಸೆ ದೊರೆತುದರಿಂದ ಅವರು ಗುಣಹೊಂದಿದರು. ರಾಬೆನ್ ದ್ವೀಪದ ಸೆರೆಮನೆಯಲ್ಲಿ ಅವರ ಸಂಖ್ಯೆ 46664. ರಾಷ್ಟ್ರಾಧ್ಯಕ್ಷ ಪದವಿಯಿಂದ ನಿವೃತ್ತರಾದ ಬಳಿಕ 2003ರಲ್ಲಿ ಅವರು ಏಡ್ಸ್ ಜಾಗೃತಿಯ ಆಂದೋಲನವನ್ನು ಆರಂಭಿಸಿದಾಗ ಅದಕ್ಕೆ ಇದೇ ಸಂಖ್ಯೆಯನ್ನು ಹೆಸರಾಗಿ ಇಟ್ಟರು. ಸೋಂಕಿತರು ಕೇವಲ ಸಂಖ್ಯೆಗಳಾಗಿಬಿಡಬಾರದೆಂಬುದು ಅದರ ಆಶಯ.

2005ರ ಜನವರಿಯಲ್ಲಿ ಅವರ ಪುತ್ರ ಮಕ್ಗಾಥೊ ನಿಧನರಾದರು. ಅಂದೇ ಮಂಡೇಲಾ ಪತ್ರಕರ್ತರ ಮುಂದೆ ಬಂದು, ತಮ್ಮ ಮಗ ಏಡ್ಸ್‌ನಿಂದ ತೀರಿಕೊಂಡನೆಂದು ಮುಚ್ಚುಮರೆಯಿಲ್ಲದೆ ತಿಳಿಸಿದರು. ಇದನ್ನು ಗುಟ್ಟಾಗಿ ಇಡುವವರೆಗೂ ಜನ ಇದನ್ನು ಶಾಪವೆಂದೇ ತಿಳಿಯುತ್ತಾರೆ, ಇತರ ಕಾಯಿಲೆಗಳಂತೆ ಇದನ್ನೂ ಹೆಸರಿಸಬೇಕೆಂಬುದು ಅವರ ನಿಲುವಾಗಿತ್ತು. ಕ್ಷಯದ ಹೆಸರನ್ನೂ ಬಾಯಿಬಿಟ್ಟು ಹೇಳಲು ಹೆದರುತ್ತಿದ್ದ ಕಾಲವೊಂದು ನಮ್ಮಲ್ಲಿಯೂ ಇತ್ತೆಂಬುದನ್ನು ಇಲ್ಲಿ ನೆನೆಯಬಹುದು.

ವಿಶ್ವಸಂಸ್ಥೆಯ ಮಹಾಸಭೆ 2015ರ ಡಿಸೆಂಬರ್‌ನಲ್ಲಿ ಬಂದಿಗಳ ನಿರ್ವಹಣೆಯ ಕನಿಷ್ಠ ನಿಯಮಗಳನ್ನು ಪರಿಷ್ಕರಿಸಿ ಅವುಗಳಿಗೆ ಮಂಡೇಲಾ ನಿಯಮಗಳೆಂಬ ಹೆಸರನ್ನಿತ್ತಿತು. ಅದರ 24ನೇ ನಿಯಮದಂತೆ, ಹೊರಗಿನ ಸಮಾಜದಲ್ಲಿ ದೊರೆಯುವ ಮಟ್ಟದ ಆರೋಗ್ಯ ಸೇವೆ ಬಂದಿಗೂ ದೊರೆಯಬೇಕು. ಎಚ್‌ಐವಿ, ಕ್ಷಯಗಳ ಚಿಕಿತ್ಸೆ ಎಲ್ಲಿಯೂ ಕಡಿದುಹೋಗಬಾರದು.

ನಮ್ಮ ಕಾನೂನು

ನಮ್ಮ ದೇಶದ ಕಾನೂನೂ ಇದೇ ದಾರಿಯಲ್ಲಿದೆ. ಎಚ್‌ಐವಿ ಮತ್ತು ಏಡ್ಸ್ ನಿಯಂತ್ರಣ ಕಾಯ್ದೆಯನ್ನು ಸಂಸತ್ತು 2017ರಲ್ಲಿ ಅಂಗೀಕರಿಸಿತು. 2018ರ ಸೆಪ್ಟೆಂಬರ್ 10ರಿಂದ ಅದು ಜಾರಿಗೆ ಬಂದಿತು. ಸೋಂಕಿತರಿಗೆ ಉದ್ಯೋಗ, ಶಿಕ್ಷಣ, ಚಿಕಿತ್ಸೆ, ವಾಸಗಳಲ್ಲಿ ತಾರತಮ್ಯ ಮಾಡುವುದನ್ನು ಅದು ನಿಷೇಧಿಸುತ್ತದೆ. ವ್ಯಕ್ತಿಯ ಒಪ್ಪಿಗೆಯನ್ನು ತಿಳಿವಳಿಕೆ ನೀಡಿ ಪಡೆದ ಬಳಿಕವೇ ಪರೀಕ್ಷೆ ಮಾಡಬೇಕು, ಫಲಿತಾಂಶವನ್ನು ಗೋಪ್ಯವಾಗಿಡಬೇಕು. ಕಾಯ್ದೆಯ 31ನೇ ಸೆಕ್ಷನ್ ಸರಕಾರದ ಅಭಿರಕ್ಷೆಯಲ್ಲಿರುವ ಪ್ರತಿಯೊಬ್ಬರಿಗೂ ಎಚ್‌ಐವಿ ತಡೆ, ಆಪ್ತಸಮಾಲೋಚನೆ, ಪರೀಕ್ಷೆ ಮತ್ತು ಚಿಕಿತ್ಸೆಯ ಹಕ್ಕನ್ನು ನೀಡಿದೆ. ಶಿಕ್ಷಾಬಂದಿಗಳೂ ವಿಚಾರಣಾಧೀನ ಬಂದಿಗಳೂ ಇದರಲ್ಲಿ ಸೇರುತ್ತಾರೆ. ಅದೇ ಕಾಯ್ದೆ, ರಕ್ತದ ಸಂಪರ್ಕಕ್ಕೆ ಬರುವ ಅಪಾಯವುಳ್ಳ ಕಡೆ ಕೆಲಸ ಮಾಡುವ ನೌಕರರಿಗೆ ಕೈಗವಸು ಮುಂತಾದ ರಕ್ಷಣಾ ಸಾಧನಗಳನ್ನೂ, ಅಪಘಾತವಾದರೆ ತಡೆ ಔಷಧಿಯನ್ನೂ ಒದಗಿಸಬೇಕೆಂದು ಸಂಸ್ಥೆಗಳಿಗೆ ವಿಧಿಸಿದೆ. ಬಂದಿಯ ಹಕ್ಕು ಮತ್ತು ಸಿಬ್ಬಂದಿಯ ಸುರಕ್ಷತೆಗಳು ಒಂದಕ್ಕೊಂದು ಎದುರು ನಿಲ್ಲುವಂಥವಲ್ಲವೆಂಬುದು ಇದರಿಂದ ತಿಳಿಯುತ್ತದೆ.

ನ್ಯಾಯಾಲಯ ವಿಧಿಸುವ ಶಿಕ್ಷೆ ಸ್ವಾತಂತ್ರ್ಯವನ್ನು ಕಳೆದುಕೊಳ್ಳುವುದು ಮಾತ್ರ. ರೋಗ ತಗುಲಿಸಿಕೊಳ್ಳಬೇಕೆಂದೋ, ಇದ್ದ ರೋಗಕ್ಕೆ ಮದ್ದಿಲ್ಲದೆ ನರಳಬೇಕೆಂದೋ ಯಾವ ನ್ಯಾಯಾಧೀಶರೂ ತೀರ್ಪು ಬರೆಯುವುದಿಲ್ಲ. ಆ ಹೆಚ್ಚುವರಿ ಶಿಕ್ಷೆಯನ್ನು ವಿಧಿಸುವುದು ಸುತ್ತಲಿನವರ ಮನಸ್ಸು.

ಮನಸ್ಸು ಬದಲಾಗುವುದು ಹೇಗೆ?

ಉಪದೇಶದಿಂದ ಮಾತ್ರ ಭಯ ಹೋಗುವುದಿಲ್ಲ. ದಿನನಿತ್ಯದ ವ್ಯವಸ್ಥೆ ಬದಲಾಗಬೇಕು. ಸೆರೆಮನೆಗೆ ಬರುವ ಪ್ರತಿಯೊಬ್ಬ ಬಂದಿಯೊಡನೆ ವೈದ್ಯರೋ ಆಪ್ತಸಮಾಲೋಚಕರೋ ಏಕಾಂತದಲ್ಲಿ ಮಾತನಾಡಿ, ಹೊರಗೆ ಯಾವುದಾದರೂ ಚಿಕಿತ್ಸೆ ನಡೆಯುತ್ತಿತ್ತೇ ಎಂದು ಕೇಳುವುದು ಮೊದಲ ಹೆಜ್ಜೆ. ಎಲ್ಲರನ್ನೂ ಹೀಗೆ ಕೇಳಿದಾಗ ಯಾರ ಮೇಲೂ ಬೆರಳು ತೋರಿದಂತಾಗುವುದಿಲ್ಲ. ರಕ್ತದೊತ್ತಡ, ಮಧುಮೇಹ, ಕ್ಷಯ, ಎಚ್‌ಐವಿ ಎಲ್ಲ ಮಾತ್ರೆಗಳನ್ನೂ ಆಸ್ಪತ್ರೆ ಕೋಣೆಯಲ್ಲಿ ಒಂದೇ ಸಮಯಕ್ಕೆ ಒಂದೇ ಬಗೆಯಲ್ಲಿ ಕೊಟ್ಟರೆ ಯಾರು ಯಾವ ಮಾತ್ರೆ ನುಂಗಿದರೆಂಬ ಕುತೂಹಲವೂ ತಗ್ಗುತ್ತದೆ. ಕ್ಷೌರಕ್ಕೆ ಪ್ರತಿಯೊಬ್ಬರಿಗೂ ಹೊಸ ಬ್ಲೇಡು ಬಳಸುವುದು ಎಲ್ಲರ ಹಿತಕ್ಕೂ ಒಳ್ಳೆಯದು.

ಬಂದಿಗಳಲ್ಲಿಯೇ ತಿಳಿವಳಿಕೆಯುಳ್ಳ ಕೆಲವರನ್ನು ತರಬೇತುಗೊಳಿಸಿ ಅವರ ಮೂಲಕ ಇತರರಿಗೆ ಹೇಳಿಸುವ ಕ್ರಮ ಬಹಳ ಕಡೆಗಳಲ್ಲಿದೆ. ಅಧಿಕಾರಿಯ ಭಾಷಣಕ್ಕೆ ಕಿವಿಗೊಡದವನು ಪಕ್ಕದ ಹಾಸಿಗೆಯವನ ಮಾತನ್ನು ನಂಬುತ್ತಾನೆ. ಸಿಬ್ಬಂದಿಯ ತರಬೇತಿಯಲ್ಲಿ ಮೊದಲು ಅವರ ಸ್ವಂತ ಸುರಕ್ಷತೆಯ ಪ್ರಶ್ನೆಗಳಿಗೆ ಉತ್ತರ ದೊರೆಯಬೇಕು. ತನ್ನ ಭಯಕ್ಕೆ ಗೌರವ ಸಿಕ್ಕ ವೀಕ್ಷಕನು ಇನ್ನೊಬ್ಬನ ಭಯವನ್ನೂ ಗೌರವಿಸಬಲ್ಲನು.

ಚಿಕಿತ್ಸೆ ಕಡಿದುಹೋಗುವ ಗಳಿಗೆಗಳು ಮೂರು: ಬಂಧನದ ಮೊದಲ ದಿನಗಳು, ಒಂದು ಸೆರೆಮನೆಯಿಂದ ಇನ್ನೊಂದಕ್ಕೆ ವರ್ಗಾವಣೆ, ಮತ್ತು ಬಿಡುಗಡೆ. ಬೆಳಗಾವಿಯ ಹಿಂಡಲಗಾದಲ್ಲಿದ್ದ ಬಂದಿಯನ್ನು ಬಳ್ಳಾರಿಗೋ ಕಲಬುರಗಿಗೋ ಕಳುಹಿಸುವಾಗ ಅವನ ಮಾತ್ರೆ ಮತ್ತು ಚಿಕಿತ್ಸಾ ಪುಸ್ತಕವೂ ಅವನೊಡನೆ ಹೋಗಬೇಕು. ನ್ಯಾಯಾಲಯದಿಂದ ನೇರವಾಗಿ ಜಾಮೀನಿನ ಮೇಲೆ ಹೊರಬಂದವನಿಗೆ ತನ್ನ ಊರಿನ ಹತ್ತಿರದ ಎಆರ್‌ಟಿ ಕೇಂದ್ರ ಎಲ್ಲಿದೆಯೆಂದು ಮೊದಲೇ ತಿಳಿದಿರಬೇಕು.

ಭಕ್ತರು ಮಾಡಬಹುದಾದದ್ದು

ಮೂರನೆಯ ಗಳಿಗೆಯ ಹೊಣೆ ನಮ್ಮ ಮೇಲೂ ಇದೆ. ಬಿಡುಗಡೆಯಾಗಿ ಬಂದವನಿಗೆ ಊರಿನಲ್ಲಿ ಕೆಲಸವಿಲ್ಲ, ಮನೆಯಲ್ಲಿ ಮುಖವಿಲ್ಲ, ಓಣಿಯಲ್ಲಿ ಮಾತಿಲ್ಲ ಎಂದಾದರೆ ಅವನು ಮಾತ್ರೆಯನ್ನೂ ಬಿಡುತ್ತಾನೆ, ಊರನ್ನೂ ಬಿಡುತ್ತಾನೆ. ಅವನ ಹೆಂಡತಿ ಮಕ್ಕಳು ಆ ನೋವನ್ನು ಉಣ್ಣುತ್ತಾರೆ. ಸೆರೆಮನೆಯ ಬ್ಯಾರಕ್ಕಿನಲ್ಲಿ ತಟ್ಟೆ ಬೇರೆ ಮಾಡಿದ ಆ ಬಂದಿಗಳೂ, ಮುಟ್ಟಲು ಹಿಂಜರಿದ ಆ ವೀಕ್ಷಕರೂ ನಮ್ಮ ಊರುಗಳಿಂದಲೇ ಹೋದವರು. ಇಲ್ಲಿ ಕಲಿತುದನ್ನೇ ಅವರು ಅಲ್ಲಿ ಆಚರಿಸಿದ್ದಾರೆ.

ಆದುದರಿಂದ ಬದಲಾವಣೆ ಇಲ್ಲಿಂದಲೇ ಆರಂಭವಾಗಬೇಕು. ಬಂಧುಗಳಲ್ಲಿ ಯಾರಾದರೂ ಸೆರೆಯಲ್ಲಿದ್ದು ಅವರಿಗೆ ಮೊದಲೇ ಚಿಕಿತ್ಸೆ ನಡೆಯುತ್ತಿದ್ದರೆ, ಕುಟುಂಬದವರು ಸಂಕೋಚ ಬಿಟ್ಟು ಕಾರಾಗೃಹದ ವೈದ್ಯರನ್ನೇ ಖುದ್ದಾಗಿ ಕಂಡು ತಿಳಿಸಬೇಕು. ಸಂದರ್ಶನದ ದಿನ ಎಲ್ಲರೆದುರು ಆ ಮಾತನ್ನು ಎತ್ತಬಾರದು. ಬಿಡುಗಡೆಯಾದ ವಾರದೊಳಗೆ ಎಆರ್‌ಟಿ ಕೇಂದ್ರಕ್ಕೆ ಜೊತೆಗೆ ಹೋಗಬೇಕು. ಪತ್ನಿ ಅಥವಾ ಪತಿಯ ಪರೀಕ್ಷೆಯನ್ನೂ ಒಪ್ಪಿಗೆಯಿಂದ ಮಾಡಿಸುವುದು ಒಳ್ಳೆಯದು. ಕೂಲಿ ಕೆಲಸವನ್ನಾದರೂ ಕೊಡಬಲ್ಲವರು ಕೊಡಬೇಕು. ಇನ್ನೊಬ್ಬರ ಸೋಂಕಿನ ಸುದ್ದಿ ನಮ್ಮ ಕಿವಿಗೆ ಬಿದ್ದರೆ ಅದು ನಮ್ಮಲ್ಲಿಯೇ ನಿಲ್ಲಬೇಕು. ಮದುವೆ ಮುಂಜಿ ಜಾತ್ರೆಗಳಲ್ಲಿ ಅವರನ್ನು ಎಲ್ಲರಂತೆಯೇ ಪಂಕ್ತಿಯಲ್ಲಿ ಕುಳ್ಳಿರಿಸಿ ಬಡಿಸಬೇಕು. ಊರಿನ ಹತ್ತು ಜನ ಅದನ್ನು ಕಂಡರೆ, ಹತ್ತು ಭಾಷಣಗಳಿಂದ ಹೋಗದ ಭಯ ಅಲ್ಲಿ ಕರಗುತ್ತದೆ.

ಎಚ್‌ಐವಿ ಕುರಿತು ಯಾವುದೇ ಸಂದೇಹವಿದ್ದರೆ 1097 ಎಂಬ ಉಚಿತ ಸಹಾಯವಾಣಿಗೆ ಕರೆಮಾಡಿ ಕೇಳಬಹುದು. ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳ ಐಸಿಟಿಸಿ ಕೇಂದ್ರಗಳಲ್ಲಿ ಪರೀಕ್ಷೆ ಉಚಿತ, ಫಲಿತಾಂಶ ಗೋಪ್ಯ. ಸಂಶಯವಿದ್ದವರು ಇಂದೇ ಹೋಗಿ ಪರೀಕ್ಷಿಸಿಕೊಳ್ಳಲಿ. ಹೋಗಲು ಅಂಜುವವರ ಜೊತೆಗೆ ಮನೆಯವರೊಬ್ಬರು ಹೋಗಲಿ.